ಬೆಳ್ಳಿ ಬಿಟ್ಟು ಬಿಲ್ಲು ಕದ್ದವನು

2025ರ ನವೆಂಬರ್ 14, ಶುಕ್ರವಾರ ಬೆಳಿಗ್ಗೆ 10.20. ಮತ್ತೋಡಿನ ಕುರಿಗಾಹಿ ಮುದ್ದಕ್ಕ ಹೊಸದುರ್ಗ ಠಾಣೆಗೆ ದೂರು ತಂದಳು. ಇನ್‌ಸ್ಪೆಕ್ಟರ್ ಮದೀಹಾ ಎರಡು ಸಲ ಕೇಳಿಸಿಕೊಂಡರೂ ತಲೆಬುಡ ತಿಳಿಯಲಿಲ್ಲ.

“ಏನು ಕಳುವಾಗಿದೆ?”

“ಬಿಲ್ಲು ಕಣ್ರಿ ಮೇಡಂ.”

“ಒಡವೆ?”

“ಇಲ್ರಿ. ಟ್ರಂಕಿನಾಗೆ ಬೆಳ್ಳಿ ಡಾಬು ಹಂಗೇ ಐತೆ. ಉಣ್ಣೆ ಕತ್ತರ್ಸೋ ಮೆಷಿನ್ ಬಿಲ್ಲು ಒಂದೇ ಇಲ್ಲ.”

ಆ ಯಂತ್ರವನ್ನು ಪೇಟೆಯ ಮಾರಪ್ಪನ ಅಂಗಡಿಯಲ್ಲಿ ಕೊಂಡಿದ್ದರು. ಮೂರನೇ ದಿನಕ್ಕೇ ಬ್ಲೇಡು ಕಳಚಿ ಹಾರಿ ಗಂಡ ಜುಂಜಯ್ಯನ ಬಲಗೈಯ ಎರಡು ಬೆರಳು ಹೋದವು. ಪರಿಹಾರಕ್ಕಾಗಿ ಚಿತ್ರದುರ್ಗದ ಗ್ರಾಹಕರ ಆಯೋಗದಲ್ಲಿ ಕೇಸು ಹಾಕಿದ್ದರು. ಹಳೇ ಯಂತ್ರ ಅಂತ ಹೇಳಿಯೇ ಕೊಟ್ಟಿದ್ದೆ ಎಂಬುದು ಮಾರಪ್ಪನ ವಾದ. ಬಿಲ್ಲಿನಲ್ಲಿದ್ದದ್ದು ‘ಹೊಸದು, ಒಂದು ವರ್ಷ ಗ್ಯಾರಂಟಿ’. ಸೋಮವಾರದ ವಿಚಾರಣೆಗೆ ಅದನ್ನೇ ಹಾಜರುಪಡಿಸಬೇಕಿತ್ತು.

ಎಫ್‌ಐಆರ್ ದಾಖಲಾಯಿತು. 12.15ಕ್ಕೆ ಮತ್ತೋಡಿನಲ್ಲಿ ಸ್ಥಳ ಪಂಚನಾಮೆ. ಬಾಗಿಲಿಗೆ ಬರೀ ಚಿಲಕ, ಟ್ರಂಕಿಗೆ ಬೀಗವಿಲ್ಲ. ಗುರುವಾರ ಗಂಡ ಹೆಂಡತಿ ಕುರಿ ಮೇಯಿಸಲು ಹೋಗಿದ್ದಾಗ ಕಳವಾಗಿತ್ತು.

“ಬೆಳ್ಳಿ ಬಿಟ್ಟು ಕಾಗದ ಕದಿಯೋ ಕಳ್ಳನ್ನ ನಾನು ನೋಡಿಲ್ಲ ಮೇಡಂ. ಇವನಿಗೇನು ತಲೆ ಕೆಟ್ಟಿತ್ತಾ?” ಎಂದ ಕಾನ್‌ಸ್ಟೇಬಲ್ ಯೋಗೇಶ್. ಬಿಲ್ಲಿಲ್ಲದಿದ್ದರೆ ಸೋಮವಾರ ಲಾಭ ಮಾರಪ್ಪನಿಗೇ ಎಂದರು ಮದೀಹಾ.

“ಮೆಷಿನ್ ವಿಷಯಕ್ಕೆ ಮನೆಗೆ ಯಾರಾದರೂ ಬಂದಿದ್ದರಾ?”

“ಬುಧವಾರ ಅಂಗಡ್ಯೋರು ಒಬ್ರು ಬಂದಿದ್ರು. ಬಿಲ್ಲು ತೋರ್ಸಿ ಅಂದ್ರು, ಟ್ರಂಕಿನಿಂದ ತೆಗ್ದು ತೋರಿಸ್ದೆ. ಪಾಪ, ಮುಖ ಬಾಡಿತ್ತು. ಟೀ ಕೊಟ್ಟೆ.”

ಕಳ್ಳನಿಗೆ ಜಾಗ ತೋರಿಸಿ ಟೀ ಬೇರೆ ಕೊಟ್ಟಿದ್ದಳು ಪುಣ್ಯಾತ್ಗಿತ್ತಿ.

2.40ಕ್ಕೆ ಅಂಗಡಿ. ಬುಧವಾರ, ಗುರುವಾರ ಎರಡೂ ದಿನ ಹಿರಿಯೂರಿನಲ್ಲಿದ್ದೆ ಎಂದ ಮಾರಪ್ಪ. ಲಾಡ್ಜಿಗೆ ಫೋನ್ ಮಾಡಿ ಕೇಳಿದಾಗ ಅದು ನಿಜವೇ ಆಗಿತ್ತು. ಅವನ ಮೇಲೇ ಅನುಮಾನಪಟ್ಟಿದ್ದ ಯೋಗೇಶ್ ಪೆಚ್ಚಾದ.

“ಬಿಲ್ ಬುಕ್ ಯಾರ ಹತ್ತಿರ ಇರುತ್ತೆ?”

“ನಮ್ ಗುಮಾಸ್ತ ಹನುಮಂತಪ್ಪನ ಹತ್ರ ಇರ್ತೈತೆ. ಇಪ್ಪತ್ತು ವರ್ಷದಿಂದ ಅವನೇ ಬರೆಯೋದು.”

ಪುಸ್ತಕದಲ್ಲಿ 317 ಆದ ಮೇಲೆ 319. ನಡುವಿನ 318, ಮುದ್ದಕ್ಕನ ಬಿಲ್ಲಿನ ಕಾರ್ಬನ್ ಪ್ರತಿಯನ್ನು ಯಾರೋ ಹರಿದಿದ್ದರು. ಹನುಮಂತಪ್ಪ ಗುರುವಾರ ರಜೆ ಹಾಕಿದ್ದ. ಫೋನಿಗೆ ಕಳಿಸಿದ ಅವನ ಫೋಟೊ ಕಂಡು ಮುದ್ದಕ್ಕ, “ಇವ್ರೇ ಕಣ್ರಿ ಟೀ ಕುಡ್ದೋರು” ಎಂದಳು. 4.40ಕ್ಕೆ ಅಂಗಡಿಯಲ್ಲೇ ಇದ್ದ ಅವನ ಊಟದ ಚೀಲದಿಂದ ಬಿಲ್ಲು, ಕಾರ್ಬನ್ ಪ್ರತಿ ಎರಡೂ ಜಪ್ತಿಯಾದವು. ಅಲ್ಲೇ ಬಂಧಿಸಿದರು.

“ಯಾಕೆ ಕದ್ದೆ?”

“ರಿಪೇರಿ ಆದ ಮೆಷಿನ್ನ ಹೊಸದು ಅಂತ ಬರಿ ಅಂದ್ರು ಸಾವ್ಕಾರ್ರು, ಬರ್ದೆ. ಆಯೋಗದಿಂದ ನೋಟಿಸ್ ಬಂದಾಗ, ಸಹಿ ನಿಂದು, ಜೈಲಿಗೂ ನೀನೇ ಹೋಗು ಅಂದ್ರು.”

“ನೋಟಿಸ್ ಓದಿದ್ಯಾ?”

“ತೋರಿಸ್ಲಿಲ್ರಿ.”

ಮದೀಹಾ ಮುದ್ದಕ್ಕನ ಕಡತದಲ್ಲಿದ್ದ ಅದರ ನಕಲನ್ನು ಅವನ ಮುಂದಿಟ್ಟರು. ಎದುರುದಾರರು ಇಬ್ಬರು: ಅಂಗಡಿ ಮಾಲೀಕ ಮಾರಪ್ಪ, ಯಂತ್ರ ತಯಾರಿಸಿದ ಕಂಪನಿ. ಹನುಮಂತಪ್ಪ ಬೆರಳಿಟ್ಟು ಎರಡು ಸಲ ಓದಿದ.

“ನನ್ನ ಹೆಸರು ಎಲ್ಲೈತ್ರಿ?”

“ಎಲ್ಲೂ ಇಲ್ಲ. ಅಲ್ಲಿ ಉತ್ತರ ಹೇಳಬೇಕಾದವರು ಇವರಿಬ್ಬರೇ.”

ಮದೀಹಾರಿಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. ಬಿಲ್ಲಿನ ದೃಢೀಕೃತ ನಕಲು ಸೋಮವಾರ ಆಯೋಗಕ್ಕೆ ತಲುಪುತ್ತದೆ ಎಂದು ಮುದ್ದಕ್ಕನಿಗೆ ತಿಳಿಸಿ, ಹೇಳಿಕೆ ಕೊಡಲು ಠಾಣೆಗೆ ಬರುವಂತೆ ಮಾರಪ್ಪನಿಗೂ ನೋಟಿಸ್ ಕೊಟ್ಟರು. ಅಷ್ಟರಲ್ಲಿ ಯೋಗೇಶ್ ಬಂಧನದ ಪತ್ರ ಬರೆಯಲು ಕೂತಿದ್ದ. ಅದರಲ್ಲಿ ಹನುಮಂತಪ್ಪನ ಹೆಸರು ಇತ್ತು, ಒಂದನೇ ಆರೋಪಿ ಎಂದು.