ಐವತ್ತೈದು ಕಿಲೋಮೀಟರ್ ಕೋಪ

"ನಾಲ್ಕು ಇಂಚು ಎತ್ತಬೇಕು."

"ಎರಡು."

"ನಾನು ನಾಲ್ಕು ಅಂದೆ."

"ನನಗೆ ಕಿವಿ ಚೆನ್ನಾಗೇ ಕೇಳಿಸುತ್ತೆ ಸರ್. ಎರಡು."

ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದವನು ತೆರೆದ ಬಾಯಿ ಮುಚ್ಚಲು ಮರೆತ. ಅವನ ಹಿಂದೆ ಕೆಸರು ಮೆತ್ತಿದ ಹಸಿರು ಜೀಪು. ಮುಂದೆ, ಮೊಣಕೈವರೆಗೆ ಗ್ರೀಸ್ ಬಳಿದುಕೊಂಡು ಸೊಂಟದ ಮೇಲೆ ಕೈ ಇಟ್ಟು ನಿಂತ ಹುಡುಗಿ!

"ಗಾಡಿ ನನ್ನದು ಮೇಡಂ."

"ಕೆಲಸ ನನ್ನದು. ನಾಲ್ಕು ಇಂಚು ಎತ್ತಿದ್ರೆ ಮೊದಲನೇ ತಿರುವಲ್ಲೇ ಪಲ್ಟಿ ಹೊಡೀತೀರಿ. ಆಮೇಲೆ ಜನ ಬೈಯೋದು ನನ್ನನ್ನ. ಎರಡು ಇಂಚು ಎತ್ತಿ, ಕೆಳಗೆ ದೊಡ್ಡ ಟಯರ್ ಹಾಕಿದ್ರೆ ನಿಮಗೆ ಬೇಕಾದ ಎತ್ತರ ಬರುತ್ತೆ. ಒಪ್ಪಿಗೆ ಇದ್ರೆ ಒಳಗೆ ತನ್ನಿ, ಇಲ್ಲಾಂದ್ರೆ ದಾರಿ ಬಿಡಿ."

'ಎಂಥಾ ಜಗಳಗಂಟಿ ಇವಳು!' ಎಂದುಕೊಂಡ ಅವನು.

'ಎಂಥಾ ಮೊಂಡ ಇವನು!' ಎಂದುಕೊಂಡಳು ಅವಳು.

ಆದರೆ ಜೀಪು ಒಳಗೆ ಬಂತು.

ಅವನು ಸರ್ವೇಯರ್. ಗುಡ್ಡದ ಮೇಲೆ ಹೊಸ ರಸ್ತೆ ಎಲ್ಲಿ ಹಾಯಬೇಕೆಂದು ಅಳೆಯುವ ಕೆಲಸ. ಹಳ್ಳದ ಕಲ್ಲುಗಳು ಜೀಪಿನ ಹೊಟ್ಟೆಗೆ ಬಡಿದು ಬಡಿದು ಸಾಕಾಗಿ ಗಾಡಿ ಎತ್ತರಿಸಲು ಬಂದಿದ್ದ. ಅವಳು ಅಪ್ಪನ ಗ್ಯಾರೇಜಿನಲ್ಲಿ ಸಸ್ಪೆನ್ಶನ್ ಕೆಲಸ ನೋಡಿಕೊಳ್ಳುವವಳು. ಮನೆಯವರಿಗೆಲ್ಲ ಅವಳು ಪುಟ್ಟಿ. ಪುಟ್ಟಿಗೆ ಈಗ ಇಪ್ಪತ್ತೊಂಬತ್ತು ವರ್ಷ, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

"ಗಿರಾಕಿ ಸುಳ್ಳು ಹೇಳ್ತಾನೆ ಪುಟ್ಟಿ, ಗಾಡಿ ಹೇಳಲ್ಲ" ಎನ್ನುವುದು ಅಪ್ಪನ ಮಾತು. ಹತ್ತು ವರ್ಷದಲ್ಲಿ ಅವಳು ಕಂಡದ್ದೂ ಅದನ್ನೇ. "ಟಾರು ರಸ್ತೆ ಬಿಟ್ಟು ಇಳಿಸೇ ಇಲ್ಲ" ಎಂದು ಆಣೆ ಮಾಡುವವನ ಗಾಡಿಯಡಿಯಿಂದ ಒಂದು ಬುಟ್ಟಿ ಕೆಸರು ಉದುರುತ್ತಿತ್ತು. "ಹೋದ ತಿಂಗಳಷ್ಟೇ ಆಯಿಲ್ ಬದಲಾಯಿಸಿದೆ" ಎನ್ನುವವನ ಆಯಿಲ್ ಟಾರಿಗಿಂತ ಕಪ್ಪಗಿರುತ್ತಿತ್ತು. ಹಾಗಾಗಿ ಅವಳು ಮನುಷ್ಯರ ಮುಖ ನೋಡುವ ಗೋಜಿಗೆ ಹೋಗದೆ ಗಾಡಿ ಎಷ್ಟು ಓಡಿದೆಯೆಂದು ಮೊದಲು ಮೀಟರ್ ನೋಡುತ್ತಿದ್ದಳು.

ಈ ಸರ್ವೇಯರ್ ಮಾತ್ರ ತಲೆ ಕೆಡಿಸಿಬಿಟ್ಟ.

"ಸ್ಪ್ರಿಂಗ್ ಇನ್ನೂ ಬಂದಿಲ್ಲ, ನಾಲ್ಕು ದಿನ ಬಿಟ್ಟು ಬನ್ನಿ ಅಂದಿದ್ನಲ್ಲ ಸರ್?"

"ಹೌದು. ಬಂದಿದ್ಯಾ ಅಂತ ಕೇಳಿ ಹೋಗೋಣ ಅಂತ ಬಂದೆ."

"ಫೋನ್ ಮಾಡಬಹುದಿತ್ತು."

"ಮಾಡಬಹುದಿತ್ತು..." ಎಂದು ಅವನು ಅಲ್ಲೇ ಒಂದು ಹಳೆಯ ಟಯರಿನ ಮೇಲೆ ಕೂತ. ಮರುದಿನ ಸಂಜೆಯೂ ಬಂದ. ಅದರ ಮರುದಿನವೂ.

'ಇವನು ಬರೋದು ಜೀಪಿಗಾಗಿಯಾ... ಅಥವಾ...? ಛೆ, ಜೀಪಿಗಾಗಿಯೇ! ಗಂಡಸರಿಗೆ ಗಾಡಿ ಅಂದ್ರೆ ಹುಚ್ಚು. ನನಗ್ಯಾಕೆ ಊರ ಉಸಾಬರಿ?'

ಹೀಗೆ ತನಗೆ ತಾನೇ ಬುದ್ಧಿ ಹೇಳಿಕೊಂಡವಳು ಸಂಜೆ ಐದೂವರೆ ಆಗುತ್ತಲೇ ಮುಖ ತೊಳೆಯುತ್ತಿದ್ದಳು. ಅಪ್ಪ ಅದನ್ನು ನೋಡಿಯೂ ನೋಡದವರಂತೆ ಪಾನಾ ಎಣಿಸುತ್ತಿದ್ದರು.

ಸ್ಪ್ರಿಂಗ್ ಬಂತು, ಜೀಪು ಎರಡು ಇಂಚು ಮೇಲೆದ್ದಿತು. ಅವನು ಜೇಬಿನಿಂದ ಟೇಪು ತೆಗೆದು ನಾಲ್ಕೂ ಮೂಲೆ ಅಳೆದ!

"ಎಡಗಡೆ ಮೂರು ಮಿಲಿಮೀಟರ್ ಕಮ್ಮಿ ಇದೆ."

"ಡೀಸೆಲ್ ಟ್ಯಾಂಕ್ ಇರೋದು ಆ ಕಡೆ. ಅದರ ಭಾರಕ್ಕೆ."

"ಓ... ಹಾಗಾದ್ರೆ ಸರಿಯಾಗಿದೆ."

"ಸರಿಯಾಗಿದೆ ಅನ್ನೋ ಮಾತು ನಿಮ್ಮ ಬಾಯಲ್ಲೂ ಬರುತ್ತಾ? ತಾರೀಕು ಹಾಕಿ ಗೋಡೆ ಮೇಲೆ ಬರೆದಿಡ್ತೀನಿ."

ಅವನು ನಕ್ಕುಬಿಟ್ಟ. ಅವಳಿಗೆ ನಟ್ಟು ಯಾವ ಕಡೆ ತಿರುಗಿಸಬೇಕೆಂಬುದೇ ಒಂದು ಗಳಿಗೆ ಮರೆತುಹೋಯಿತು.

ದೊಡ್ಡ ಟಯರ್ ಹಾಕಿದ ದಿನ ಅವಳು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಟಯರ್ ಮಡ್‌ಗಾರ್ಡಿಗೆ ಉಜ್ಜುತ್ತದೆಯೋ ಎಂದು ನೋಡುತ್ತಿದ್ದಳು. ಅವನು ಸೀಟಿನಲ್ಲಿ ಕೂತು ಸ್ಟೀರಿಂಗ್ ತಿರುಗಿಸುತ್ತಿದ್ದ.

"ಇನ್ನೂ ತಿರುಗಿಸಿ... ಇನ್ನೂ..."

ಎಂಜಿನ್ ತಟ್ಟನೆ ನಿಂತಿತು. ಅವನು ಕೆಳಗಿಳಿದು ಬಂದ.

"ಏನಾಯ್ತು?"

"ನಿಮ್ಮ ಜಡೆ ಚಕ್ರದ ಹತ್ರ ಹೋಗ್ತಿದೆ. ಮೊದಲು ಕಟ್ಟಿಕೊಳ್ಳಿ. ಆಮೇಲೆ ತಿರುಗಿಸ್ತೀನಿ."

ಹತ್ತು ವರ್ಷದಲ್ಲಿ ಗ್ಯಾರೇಜಿಗೆ ಬಂದವರೆಲ್ಲ ತಮ್ಮ ಗಾಡಿಗೆ ಗೀರು ಬಿದ್ದೀತೆಂದು ಹೆದರಿದ್ದರು. ಅವಳಿಗೆ ಏನಾದರೂ ಆದೀತೆಂದು ಯಾರೂ ಹೆದರಿರಲಿಲ್ಲ. ಅವಳು ಎದ್ದು ನಿಂತು ಜಡೆಯನ್ನು ಎರಡು ಸುತ್ತು ಬಿಗಿಯಾಗಿ ಕಟ್ಟಿಕೊಂಡಳು.

ಶನಿವಾರ ಜೀಪು ಸಿದ್ಧವಾಯಿತು. ಅವಳು ಮೀಟರಿನ ಅಂಕಿಯನ್ನು ಬರೆದುಕೊಂಡು, ಮಾಡಬೇಕಾದ ಕೆಲಸಗಳ ಕಾರ್ಡ್ ಹಿಡಿದು, ಮುಗಿದಿದೆಯೆಂದು ಒಂದೊಂದೇ ಸಾಲಿಗೆ ಗುರುತು ಹಾಕತೊಡಗಿದಳು. ಒಟ್ಟು ಹನ್ನೊಂದು ಸಾಲು.

"ಐನೂರು ಕಿಲೋಮೀಟರ್ ಓಡಿಸಿ ವಾಪಸ್ ತನ್ನಿ. ಎತ್ತರಿಸಿದ ಗಾಡಿ ಅಷ್ಟು ದೂರ ಅಲುಗಾಡಿದ ಮೇಲೆ ಬೋಲ್ಟ್‌ಗಳನ್ನ ಇನ್ನೊಂದು ಸಲ ಬಿಗಿ ಮಾಡಬೇಕು."

"ಎರಡೇ ದಿನಕ್ಕೆ ಅಷ್ಟು ಓಡುತ್ತೆ. ನಾಳೆ ಅಕ್ಕನ ಊರಿಗೆ ಹೊರಟಿದ್ದೀನಿ, ಬಂದರಿಗೆ."

"ಬಂದರಿಗಾ? ನಾನೂ ಸ್ಪೇರ್ ತರೋಕೆ ಅಲ್ಲಿಗೇ ಹೋಗೋದು. ಇಲ್ಲಿಂದ ಸರಿಯಾಗಿ ಮುನ್ನೂರು ಕಿಲೋಮೀಟರ್."

"ಹೂಂ." ಅವನು ತಲೆ ತಗ್ಗಿಸಿದ. "ಅಕ್ಕ ನನ್ನನ್ನ ಸಾಕಿದವಳು. ಅವಳಿಗೆ ಒಂದು ವಿಷಯ ಹೇಳಿ ಕರ್ಕೊಂಡು ಬರಬೇಕು... ನಿಮ್ಮನ್ನ ನೋಡೋಕೆ."

ಪೆನ್ನು ನಿಂತಿತು.

"ನನ್ನನ್ನಾ? ಯಾಕೆ?"

"ನನಗೆ ಗಡಿಯಾಚೆಗಿನ ಕೆಲಸಕ್ಕೆ ಕರೆ ಬಂದಿದೆ, ಎರಡು ವರ್ಷಕ್ಕೆ. ಶುಕ್ರವಾರದೊಳಗೆ ಉತ್ತರ ಕೊಡಬೇಕು. ನೀವು ನನ್ನನ್ನ ಮದುವೆ ಆಗ್ತೀನಿ ಅಂದ್ರೆ... ಹೋಗಲ್ಲ. ಈಗಲೇ ಹೇಳಬೇಡಿ. ನಾನು ಬಂದ ಮೇಲೆ ಹೇಳಿ."

ಅವಳ ಕಿವಿಯೊಳಗೆ ಏನೋ ಗುಂಯ್‌ಗುಟ್ಟಿತು. ಏನಾದರೂ ಮಾಡುತ್ತಿರಬೇಕಲ್ಲ ಎಂದು ಕಾರ್ಡಿನ ಮೇಲೆ ಪೆನ್ನೂರಿದಳು. ಅದು ಮೇಲಿನಿಂದ ಕೆಳಗಿನವರೆಗೆ ಸರ್ರನೆ ಜಾರಿತು. ಉಳಿದ ಸಾಲುಗಳಿಗೆಲ್ಲ ಸೇರಿ ಒಂದೇ ಗೀಟು!

ಮೂರು ದಿನ ಅವಳು ನೆಲದ ಮೇಲೆ ನಡೆದಳೋ ಗಾಳಿಯಲ್ಲಿ ನಡೆದಳೋ ಅವಳಿಗೇ ಗೊತ್ತಿಲ್ಲ. ಅಪ್ಪನ ಚಹಾಕ್ಕೆ ಉಪ್ಪು ಹಾಕಿದಳು. ಅಪ್ಪ ಕುಡಿದು, "ಚೆನ್ನಾಗಿದೆ" ಎಂದರು.

ಮಂಗಳವಾರ ಬೆಳಿಗ್ಗೆ ಜೀಪಿನ ಸದ್ದಾಯಿತು. ಇಳಿದವನು ಒಬ್ಬನೇ.

"ಅಕ್ಕ...?" ಎಂದಳು ಅವಳು ನಗುತ್ತ, ಅವನ ಹಿಂದೆ ಇಣುಕಿ ನೋಡಿ.

"ಅವಳಿಗೆ ಸೊಂಟ ಹಿಡ್ಕೊಂಡಿದೆ. ಏಳೋಕೇ ಆಗ್ತಿಲ್ಲ. ತುಂಬಾ ಖುಷಿಪಟ್ಟಳು, ಮುಂದಿನ ವಾರ ಬಂದೇ ಬರ್ತೀನಿ ಅಂದಳು."

"ಅಯ್ಯೋ, ಹೌದಾ... ಪರವಾಗಿಲ್ಲ. ಬೋಲ್ಟ್ ನೋಡಿಬಿಡ್ತೀನಿ."

ಅವಳು ಸೀಟಿಗೆ ಹತ್ತಿ, ಹತ್ತು ವರ್ಷದ ರೂಢಿಯಂತೆ ಮೀಟರ್ ನೋಡಿದಳು. ಶನಿವಾರ ಬರೆದುಕೊಂಡ ಅಂಕಿಯನ್ನು ಅದರಿಂದ ಕಳೆದಳು.

ಐನೂರ ನಲವತ್ತೈದು!

ಹೋಗಿ ಬಂದರೆ ಆರುನೂರು ಆಗಬೇಕಲ್ಲವೇ? ಮತ್ತೆ ಲೆಕ್ಕ ಹಾಕಿದಳು. ಬೆರಳು ಮಡಚಿ ಮಡಚಿ ಹಾಕಿದಳು. ಐವತ್ತೈದು ಕಿಲೋಮೀಟರ್ ಕಮ್ಮಿ! ಬಂದರು ಮುಟ್ಟುವ ಮೊದಲೇ ಎಲ್ಲೋ ಗಾಡಿ ತಿರುಗಿಸಿದ್ದಾನೆ...

'ಹೋಗೇ ಇಲ್ಲ. ಅಕ್ಕನಿಗೆ ಹೇಳೇ ಇಲ್ಲ! ದಾರಿಯಲ್ಲೇ ಮನಸ್ಸು ಬದಲಾಯ್ತು. ಸೊಂಟ ನೋವಂತೆ, ಸೊಂಟ ನೋವು!'

ಆದರೂ... ಆ ಮುಖದಲ್ಲಿ ಸುಳ್ಳಿನ ಸುಳಿವೇ ಇಲ್ಲವಲ್ಲ? ಮನಸ್ಸು ಬದಲಾಗಿದ್ದರೆ ವಾಪಸ್ ಬಂದದ್ದಾದರೂ ಯಾಕೆ? ಆಟ ಆಡಿಸಲಿಕ್ಕಾ? ಅವಳಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯದಿದ್ದಾಗ ಕೇಳಬೇಕು. ಅಷ್ಟು ಸಣ್ಣ ಬುದ್ಧಿ ಆ ಹೊತ್ತಿಗೆ ಅವಳಿಗೆ ಹೊಳೆಯಲಿಲ್ಲ, ಏನು ಮಾಡುವುದು!

ಬೋಲ್ಟ್‌ಗಳನ್ನು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಗಿ ಮಾಡಿ ಹೊರಬಂದಳು.

"ಯೋಚನೆ ಮಾಡಿದೆ ಸರ್. ಆಗಲ್ಲ."

"ಏನು ಆಗಲ್ಲ?"

"ನೀವು ಕೇಳಿದ್ದು."

ಅವನ ಮುಖದ ಬಣ್ಣ ಇಳಿಯಿತು. "ಈಗಷ್ಟೇ ನಗ್ತಾ ಇದ್ರಲ್ಲ... ನಾನೇನಾದ್ರೂ ತಪ್ಪು ಮಾತಾಡಿದ್ನಾ?"

"ಕಾರಣ ನಿಮಗೇ ಗೊತ್ತು."

"ನನಗೇನೂ ಗೊತ್ತಿಲ್ಲ! ಖಂಡಿತ ಗೊತ್ತಿಲ್ಲ!"

"ಹಾಗಾದ್ರೆ ಗೊತ್ತಿಲ್ಲದೇ ಇರಲಿ. ಗಾಡಿ ತಗೊಂಡು ಹೋಗಿ."

ಅವನು ಹೋದ. ಅವಳು ಟಯರ್‌ಗಳ ರಾಶಿಯ ಹಿಂದೆ ಕೂತು ಅತ್ತಳು. ಆ ಸಂಜೆ ಐದೂವರೆಗೆ ಮುಖ ತೊಳೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಹಸಿರು ಜೀಪು ಗ್ಯಾರೇಜಿನೊಳಗೆ ನಿಂತಿತ್ತು. ಗಾಡಿಗಳ ಕರೆಂಟ್ ಕೆಲಸ ಮಾಡುವ ವೈರ್ ಮಾಮ ಅದರ ಮುಂದಿನ ಸೀಟಿನಲ್ಲಿ ಕೂತಿದ್ದ. ಅವನು ಅಮ್ಮನ ಕಡೆಯಿಂದ ದೂರದ ನಂಟ, ಬಾಯಿ ಬಿಟ್ಟರೆ ಗಾದೆ.

"ಸರ್ವೇಯರ್ ಬಿಟ್ಟು ಹೋದ ಪುಟ್ಟಿ. ನಾಳೆ ದೂರ ಹೋಗಬೇಕಂತೆ, ಮೀಟರ್ ಸರಿ ಮಾಡಿಕೊಡಿ ಅಂದ."

ದೂರ... ಗಡಿಯಾಚೆ. ಹಾಗಾದರೆ ಹೊರಟೇಬಿಟ್ಟ.

"ಮೀಟರಿಗೆ ಏನಾಗಿದೆ ಮಾಮ?"

"ಜೋರಾಗಿ ಓಡಿಸಿದ್ದಕ್ಕೆ ದಂಡ ಬಿದ್ದಿದೆ ಅವನಿಗೆ. ಮೀಟರಲ್ಲಿ ಎಂಬತ್ತೇ ಇತ್ತು ಅಂತ ಆಣೆ ಮಾಡ್ತಾನೆ. ತಗೋ, ನೀನೇ ನೋಡು."

ಅವಳು ಕಾಗದ ತೆಗೆದುಕೊಂಡಳು. ಜೀಪಿನ ಹಿಂಭಾಗದ ಫೋಟೋ, ನಂಬರ್ ಪ್ಲೇಟು ಸ್ಪಷ್ಟವಾಗಿತ್ತು. ವೇಗ: ಎಂಬತ್ತೆಂಟು. ದಿನ: ಭಾನುವಾರ. ಜಾಗ: ಬಂದರಿನ ಸೇತುವೆ.

ಬಂದರಿನ ಸೇತುವೆ...!

ಅವಳು ಮೂರು ಸಲ ಓದಿದಳು. ಅವನು ಹೋಗಿದ್ದ. ಬಂದರಿಗೇ ಹೋಗಿದ್ದ! ಮತ್ತೆ ಆ ಐವತ್ತೈದು ಕಿಲೋಮೀಟರ್ ಎಲ್ಲಿ ಹೋಯಿತು?

"ಮಾಮ... ದೊಡ್ಡ ಟಯರಿಗೆ ತಕ್ಕ ಹಾಗೆ ಮೀಟರ್ ಹೊಂದಿಸಿದ್ದೆ ತಾನೇ ನೀನು?"

"ನಾನೆಲ್ಲಿ ಹೊಂದಿಸಲಿ? ಆ ಶನಿವಾರ ನನಗೆ ರಜೆ. ಇವತ್ತು ಕಾರ್ಡ್ ತೆಗೆದು ನೋಡಿದೆ, ಎಲ್ಲಾ ಆಗಿದೆ ಅಂತ ಗೀಟು ಎಳೆದಿದ್ದೀಯ. ನೀನೇ ಮಾಡಿರಬೇಕು ಅಂದ್ಕೊಂಡೆ."

ಅವಳು ಪಕ್ಕದ ಟಯರಿನ ಮೇಲೆ ಧೊಪ್ಪನೆ ಕೂತಳು.

ದೊಡ್ಡ ಟಯರ್ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ. ಮೀಟರ್ ಮಾತ್ರ ಹಳೆಯ ಟಯರಿನ ಲೆಕ್ಕದಲ್ಲೇ ಎಣಿಸುತ್ತಿರುತ್ತದೆ. ಎಂಬತ್ತೆಂಟು ಓಡಿದರೆ ಎಂಬತ್ತು ಅನ್ನುತ್ತದೆ. ಆರುನೂರು ಓಡಿದರೆ... ಐನೂರ ನಲವತ್ತೈದು! ಗಿರಾಕಿಗಳಿಗೆಲ್ಲ ಅವಳೇ ಸಾವಿರ ಸಲ ಹೇಳಿದ ಪಾಠ ಇದು. ಅವನ ಮುಂದೆ ನಿಂತು ಗೀಟು ಎಳೆಯುವ ಹೊತ್ತಿಗೆ ಪಾಠವೂ ಹೋಯಿತು, ಪಾಠ ಹೇಳುವ ತಲೆಯೂ ಹೋಯಿತು.

"ಗಾಡಿ ಸುಳ್ಳು ಹೇಳಿತು ಮಾಮ. ಹೇಳಿಸಿದವಳು ನಾನು!"

ಹಿಂದೆಮುಂದೆ ಗೊತ್ತಿಲ್ಲದ ವೈರ್ ಮಾಮ ತಲೆಯಾಡಿಸಿದ. "ಅದಕ್ಕೇ ಹೇಳೋದು ಪುಟ್ಟಿ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ."

"ಕೀ ಕೊಡು."

"ಮೀಟರ್ ಇನ್ನೂ..."

"ಹಾಗೇ ಇರಲಿ, ಕೊಡು ಮಾಮ!"

ಸರ್ವೆ ಆಫೀಸು ಎರಡು ಬೀದಿಯಾಚೆ. ಕೋಪದಲ್ಲಿ ಕೊಯ್ದುಕೊಂಡ ಮೂಗು ಆಮೇಲೆ ಬರುವುದಿಲ್ಲ ಎನ್ನುತ್ತಾರೆ. 'ಬರಲಿ ದೇವರೇ, ಈ ಒಂದು ಸಲ ಬರಲಿ' ಎಂದುಕೊಳ್ಳುತ್ತಲೇ ಅವಳು ಮೆಟ್ಟಿಲು ಹತ್ತಿದಳು.

ಉದ್ದನೆಯ ಮೇಜಿನ ಮೇಲೆ ನಕ್ಷೆ ಹಾಸಿಕೊಂಡು ಅವನು ಒಬ್ಬನೇ ನಿಂತಿದ್ದ. ಗ್ರೀಸ್ ಕೈಯ ಅವಳನ್ನು ನೋಡಿ ಅವನ ಪೆನ್ಸಿಲ್ ಉರುಳಿಬಿತ್ತು.

"ನೀವು... ಇಲ್ಲಿ?"

"ಉತ್ತರ ಕೊಟ್ರಾ?"

"ಯಾವ ಉತ್ತರ?"

"ಗಡಿಯಾಚೆ ಕೆಲಸದ್ದು!"

"ಕೊಟ್ಟೆ. ಬೆಳಿಗ್ಗೆನೇ ಕಳಿಸಿದೆ."

ಮುಗಿಯಿತು. ಅವಳ ಕಣ್ಣು ತುಂಬಿ ಬಂತು. ಆದರೂ ಹೇಳಲೇಬೇಕಿತ್ತು, ಅದಕ್ಕೇ ಬಂದಿದ್ದಳು.

"ಮೀಟರಲ್ಲಿ ಐವತ್ತೈದು ಕಿಲೋಮೀಟರ್ ಕಮ್ಮಿ ಇತ್ತು. ನೀವು ಅಕ್ಕನ ಹತ್ರ ಹೋಗೇ ಇಲ್ಲ, ನನಗೆ ಸುಳ್ಳು ಹೇಳಿದ್ರಿ ಅಂದ್ಕೊಂಡೆ. ಮೀಟರ್ ಹೊಂದಿಸದೆ ಬಿಟ್ಟವಳು ನಾನೇ. ತಪ್ಪು ನನ್ನದು. ನನಗೆ ನೀವು ಇಷ್ಟ... ತುಂಬಾ ಇಷ್ಟ. ಮಂಗಳವಾರನೇ ಹೇಳಬೇಕು ಅಂತಿದ್ದೆ. ಹೋಗಿ ಬನ್ನಿ. ನಾನು ಕಾಯ್ತೀನಿ, ಎರಡು ವರ್ಷ ಆದರೂ ಕಾಯ್ತೀನಿ."

ಅವನು ಬಿದ್ದ ಪೆನ್ಸಿಲ್ ಎತ್ತಿ ಮೇಜಿನ ಮೇಲಿಟ್ಟ.

"ಒಂದು ಮಾತು ನನ್ನನ್ನ ಕೇಳಬಹುದಿತ್ತು."

"ಕೇಳಬಹುದಿತ್ತು."

"ಮೂರು ರಾತ್ರಿ ನಿದ್ದೆ ಮಾಡಿಲ್ಲ ನಾನು. ಏನು ತಪ್ಪು ಮಾಡಿದೆ ಅಂತ ಯೋಚಿಸಿ ಯೋಚಿಸಿ... ಕೊನೆಗೆ ನನ್ನ ಅಂಗಿ ಬಣ್ಣ ಸರಿ ಇರಲಿಲ್ವೇನೋ ಅಂತ ಕೂಡ ಅನುಮಾನ ಬಂತು!"

ಅಳುವಿನ ನಡುವೆ ಅವಳಿಗೆ ನಗು ಬಂತು. ಅವನು ನಗಲಿಲ್ಲ.

"ಮುಂದೆ ಯಾವತ್ತಾದ್ರೂ ನನ್ನ ಮೇಲೆ ಅನುಮಾನ ಬಂದ್ರೆ?"

"ಮೊದಲು ಕೇಳ್ತೀನಿ. ಆಮೇಲೆ ಕೋಪ ಮಾಡ್ಕೋತೀನಿ."

ಆಗ ಅವನ ಮುಖ ಸಡಿಲಾಯಿತು. "ಹಾಗಾದ್ರೆ ಈಗಲೇ ಒಂದು ಕೇಳಿ. ನಾನು ಏನು ಉತ್ತರ ಕೊಟ್ಟೆ ಅಂತ ನೀವು ಕೇಳಲೇ ಇಲ್ಲ."

ಅವಳು ಕಣ್ಣು ಒರೆಸಿಕೊಂಡಳು. ಗ್ರೀಸ್ ಕೆನ್ನೆಗೆಲ್ಲ ಮೆತ್ತಿತು. "ಏನು... ಕೊಟ್ರಿ?"

"ಬರಲ್ಲ ಅಂತ ಬರೆದೆ."

"ನಾನು ಆಗಲ್ಲ ಅಂದ ಮೇಲೂನಾ?"

"ಯಾಕೆ ಆಗಲ್ಲ ಅಂತ ಗೊತ್ತಾಗದೆ ಹೇಗೆ ಹೋಗಲಿ? ಅಳತೆ ಅರ್ಧಕ್ಕೆ ಬಿಟ್ಟು ಎದ್ದು ಹೋಗೋ ಅಭ್ಯಾಸ ನನಗಿಲ್ಲ."

"ಮತ್ತೆ... ನಾಳೆ ದೂರ ಹೋಗಬೇಕು ಅಂದ್ರಂತೆ?"

"ಬಂದರಿಗೆ. ಅಕ್ಕನ್ನ ಕೇಳೋಕೆ. ಒಬ್ಬ ಹುಡುಗಿ ಬೆಳಿಗ್ಗೆ ನಕ್ಕು, ಹತ್ತೇ ನಿಮಿಷಕ್ಕೆ ಬೇಡ ಅಂದ್ರೆ ಏನರ್ಥ ಅಂತ."

ಅವಳು ಮುಖ ಮುಚ್ಚಿಕೊಂಡಳು. ಅವನು ನಿಧಾನವಾಗಿ ಆ ಕೈಗಳನ್ನು ಬಿಡಿಸಿದ. ಅವನ ಬೆರಳಿಗೂ ಗ್ರೀಸ್ ಅಂಟಿತು, ಅವನು ಒರೆಸಿಕೊಳ್ಳಲಿಲ್ಲ.

"ನಾಳೆ ನಾನೂ ಬರ್ತೀನಿ" ಎಂದಳು ಅವಳು ಮೆಲ್ಲನೆ. "ಅವರಿಗೆ ಸೊಂಟ ನೋವಲ್ವಾ, ಅವರು ಯಾಕೆ ಬರಬೇಕು? ನಾನೇ ಹೋಗಿ ಕೇಳ್ತೀನಿ."

"ಏನಂತ?"

"ನಿಮ್ಮ ತಮ್ಮನ್ನ ನನಗೆ ಕೊಡ್ತೀರಾ ಅಂತ."

"ಕೊಡಲ್ಲ ಅಂದ್ರೆ?"

"ಯಾಕೆ ಕೊಡಲ್ಲ ಅಂತ ಕೇಳ್ತೀನಿ," ಎಂದು ಅವಳು ಅವನ ಎದೆಗೆ ಹಣೆ ಒರಗಿಸಿದಳು. "ಕೊಡ್ತೀನಿ ಅನ್ನೋವರೆಗೂ ಕೇಳ್ತಾನೇ ಇರ್ತೀನಿ."