ದೇವಣಗಾಂವದ ಹಾಲ್‌ಟಿಕೆಟ್ ಪ್ರಕರಣ

ಗುರುವಾರ ಬೆಳಿಗ್ಗೆ ನೋಡಿದರೆ ಹಾಲ್‌ಟಿಕೆಟ್ ಮಾಯ!

ಟ್ರಂಕು ಬುಡಮೇಲಾಯಿತು. ಕೌದಿ ಕೊಡವಿದ್ದಾಯಿತು. ಶನಿವಾರ ದ್ವಿತೀಯ ಪಿಯುಸಿಯ ಮೊದಲ ಪೇಪರು. ಬರೆಯಬೇಕಾದ ಶಿವಾನಿ ಗೋಡೆಗೆ ಒರಗಿ ಕೂತುಬಿಟ್ಟಿದ್ದಳು. ತಾಯಿ ರೇಣವ್ವ ಪಕ್ಕದ ಮನೆಗೆ ಓಡಿ ಕಸ್ತೂರೆವ್ವನನ್ನು ಕರೆತಂದಳು. ಕಸ್ತೂರೆವ್ವ ಪೊಲೀಸ್ ಹವಾಲ್ದಾರಾಗಿ ನಿವೃತ್ತಿಯಾದವಳು. ನಿವೃತ್ತಿ ಬರೀ ಕಾಗದದ ಮೇಲೆ. ಊರಲ್ಲಿ ಕೋಳಿ ಕಳೆದರೂ ಆಕೆಗೇ ಬುಲಾವು.

"ಪ್ರಿನ್ಸಿಪಾಲರು ಇನ್ನೊಂದು ತೆಗೆದು ಕೊಡ್ತಾರ. ಐದು ನಿಮಿಷದ ಕೆಲಸ. ಅದಕ್ಯಾಕ ಅಳ್ತಿ?"

"ಬ್ಯಾಡತ್ತಿ. ನಾ ಪರೀಕ್ಷಾ ಬರಿಯಂಗಿಲ್ಲ. ಎಲ್ಲಿಟ್ಟೆ ಅನ್ನೂದ ನೆನಪಿಲ್ಲದಾಕಿ ಉತ್ತರ ಏನ್ ನೆನಪಿಡ್ಲಿ? ನನ್ನ ತಲಿ ಕೆಟ್ಟೈತಿ."

ಕಸ್ತೂರೆವ್ವ ಆಕೆಯ ಪಕ್ಕ ಕೂತಳು. ಹದಿಮೂರನೇ ವಯಸ್ಸಿನಿಂದ ಹುಡುಗಿಗೆ ಕಿಡ್ನಿ ಬೇನೆ. ಪ್ರತಿ ಮಂಗಳವಾರ, ಶುಕ್ರವಾರ ಅಪ್ಪನ ಜೊತೆ ಹೋಗಿ ಸಿಂದಗಿಯಲ್ಲಿ ಡಯಾಲಿಸಿಸ್. ಹೋದ ವರ್ಷ ಗಣಿತದ ಪರೀಕ್ಷೆಯಲ್ಲಿ ಬಾಯಿಪಾಠವಿದ್ದ ಲೆಕ್ಕವೂ ಮರೆತು, ಅರ್ಧಕ್ಕೇ ಎದ್ದು ಬಂದು ಮೂರು ದಿನ ಅತ್ತಿದ್ದಳು. ಈಗ ಕಳುವಾಗಿರುವುದು ಕಾಗದವಲ್ಲ, ಈ ಕೂಸಿನ ಧೈರ್ಯ. ಕಳ್ಳನನ್ನು ಹಿಡಿಯಲೇಬೇಕು.

"ಎಲ್ಲಿ ಇಟ್ಟಂಗ ಅನಿಸ್ತೈತಿ? ನನ್ನ ಕಿವಿಯಾಗ ಹೇಳು."

"ಎಕ್ಸ್‌ರೇ ಕವರಿನಾಗ," ಶಿವಾನಿ ಪಿಸುಗುಟ್ಟಿದಳು. "ಹೋದ ಶನಿವಾರ, ಕಾಲೇಜಿಂದ ತಂದಕೂಡ್ಲೇ. ಆದ್ರ ಅದರಾಗ ಇಲ್ಲ. ಯಾರಿಗೂ ಹೇಳಿಲ್ಲತ್ತಿ, ನಗ್ತಾರ."

* * *

ರೇಣವ್ವನ ಗುಮಾನಿ ರದ್ದಿ ಕೊಳ್ಳುವ ನಬಿಲಾಲನ ಮೇಲೆ. ನಿನ್ನೆಯಷ್ಟೇ ಹಳೇ ಪೇಪರು ಒಯ್ದಿದ್ದ. ಕಸ್ತೂರೆವ್ವ ಕೇಳಿದ್ದೇ ತಡ, ಆತ ಎರಡು ಚೀಲ ಓಣಿಯಲ್ಲೇ ಸುರುವಿಕೊಂಡು ಕೂತ.

"ಕೂಸಿಂದು ಪರೀಕ್ಷಾ ಅಂದ್ರ ಹುಡುಕದ ಬಿಡ್ತೇನೇನ್ರಿ?"

ಒಂದೊಂದೇ ಹಾಳೆ ಬಿಡಿಸಿ ನೋಡಿದ. ಯಾರ್ಯಾರದೋ ಮದುವೆ ಪತ್ರಿಕೆ ಸಿಕ್ಕವು, ಹಾಲ್‌ಟಿಕೆಟ್ ಸಿಗಲಿಲ್ಲ.

ಕಸ್ತೂರೆವ್ವ ಡಯಾಲಿಸಿಸ್ ನರ್ಸ್ ಯಶೋಧಾಗೆ ಫೋನು ಹಚ್ಚಿದಳು.

"ಕಿಡ್ನಿ ಬೇನಿ ತಲಿಗೂ ತಟ್ಟತೈತೇನವ್ವ?"

"ತಟ್ಟತೈತ್ರಿ. ರಕ್ತದಾಗ ಹೊಲಸು ನಿಂತ್ರ ಮಿದುಳಿಗೆ ಮಬ್ಬು. ಎಳೇ ವಯಸ್ಸಿನವರಿಗೆ ಲಕ್ಷ್ಯ ನಿಲ್ಲಂಗಿಲ್ಲ, ಓದಿದ್ದು ಲಗೂನ ನೆನಪಾಗಂಗಿಲ್ಲ. ಅದೇನು ದಡ್ಡತನ ಅಲ್ಲ್ರಿ! ನಮ್ಮ ಶಿವಾನಿ ಡಯಾಲಿಸಿಸ್ ಆದ ಮರುದಿನ ಭಾಳ ಚುರುಕ ಇರ್ತಾಳ. ಮುಂದಿನ ಸರ್ತಿ ಬರೂದ್ರಾಗ ಮತ್ತ ಮಬ್ಬು."

ಕಸ್ತೂರೆವ್ವ ಬೆರಳು ಮಡಚಿ ವಾರ ಎಣಿಸಿದಳು. ಮುಖ ಅರಳಿತು.

* * *

ಮಧ್ಯಾಹ್ನ ಶಿವಾನಿಯ ಅಪ್ಪ ಸಿದ್ರಾಮ ಹೊಲದಿಂದ ಬಂದ.

"ತಮ್ಮಾ, ಮಗಳ ಹಾಲ್‌ಟಿಕೆಟ್ ಕಂಡೀಯೇನು?"

"ನಾ ಎಲ್ಲಿ ನೋಡ್ಲಿ ಅಕ್ಕ? ಪಾಪ, ಅದಕ್ಕ ಮರವು. ಆಸ್ಪತ್ರಿ ಕವರಿನಾಗ ಯಾರರ ಹಾಲ್‌ಟಿಕೆಟ್ ಇಡ್ತಾರೇನು?"

ಕಸ್ತೂರೆವ್ವ ಚಹಾದ ಬಸಿ ಕೆಳಗಿಟ್ಟಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಿದ್ದ.

"ಕವರಿನ ಸುದ್ದಿ ನಿನಗ್ಯಾರು ಹೇಳಿದ್ರು?"

ಸಿದ್ರಾಮ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ.

"ನಾ ಹೇಳ್ತೇನಿ ಕೇಳು. ಆಕಿ ಅದನ್ನ ಇಟ್ಟಿದ್ದು ಶನಿವಾರ, ಡಯಾಲಿಸಿಸ್ ಆದ ಮರುದಿನ. ಅವತ್ತು ತಲಿ ತಿಳಿ ಇತ್ತು. ಅಂದ್ರ ಇಟ್ಟಿದ್ದು ಖರೆ, ಯಾರೋ ತೆಗೆದಿದ್ದೂ ಖರೆ. ಆಕಿ ಹೇಳಿದ್ದು ನನಗೊಬ್ಬಾಕಿಗೆ. ಮಂಗಳವಾರ ಆ ಕವರು ಆಸ್ಪತ್ರಿಗೆ ಒಯ್ದು, ಬಿಚ್ಚಿದಾವ ನೀನು."

ಸಿದ್ರಾಮ ಬನೀನಿನ ಕಿಸೆಯಿಂದ ಬೆವರಿಗೆ ಮೆತ್ತಗಾದ ಕಾಗದ ತೆಗೆದ.

"ಹೋದ ವರ್ಷ ಅತ್ತಿದ್ದು ನೋಡಾಕ ಆಗ್ಲಿಲ್ಲಕ್ಕ. ಕಾಗದ ಇಲ್ಲಂದ್ರ ಪರೀಕ್ಷಾನ ತಪ್ಪತೈತಿ ಅಂದ್ಕೊಂಡೆ. ಹರಿಯಾಕ ಹೋದೆ. ಕೂಸಿನ ಫೋಟೋ ಇತ್ತು. ಕೈ ಬರಲಿಲ್ಲ."

ಶಿವಾನಿ ಬಾಗಿಲಲ್ಲೇ ನಿಂತಿದ್ದಳು.

"ಅಪ್ಪಾ, ಹಾಲ್‌ಟಿಕೆಟ್ ಇನ್ನೊಂದು ಸಿಗ್ತಿತ್ತು. ಮುಂಜಾನಿಯಿಂದ ನನ್ನ ತಲಿನ ಹೋಯ್ತು ಅಂತ ಅಳಾಕತ್ತಿದ್ದೆ."

ಸಿದ್ರಾಮ ಮುಖ ಮುಚ್ಚಿಕೊಂಡ. ಮಗಳಿಗೆ ಸಿಟ್ಟೂ ಬಂತು, ಅಪ್ಪನ ಮೇಲೆ ಪ್ರೀತಿಯೂ ಉಕ್ಕಿತು. ಪಕ್ಕದಲ್ಲಿ ಕೂತು ವೇಲಿನ ತುದಿಯಿಂದ ಅವನ ಕಣ್ಣೊರೆಸಿದಳು.

"ನಾಳೆ ಡಯಾಲಿಸಿಸ್, ನಾಡಿದ್ದು ಪೇಪರು," ಎಂದಳು ಕಸ್ತೂರೆವ್ವ. "ತಿಳೀತೇನವ್ವ?"

"ತಿಳೀತತ್ತಿ. ಶನಿವಾರ ನನ್ನ ದಿನ."

ಶಿವಾನಿ ಹಾಲ್‌ಟಿಕೆಟ್ ಮಡಚಿ ಅಪ್ಪನ ಕಿಸೆಗೇ ವಾಪಸು ತುರುಕಿದಳು. ರೇಣವ್ವ ಹೌಹಾರಿದಳು.

"ಇವತ್ತು ಗುರುವಾರ, ಮಬ್ಬಿನ ದಿನ. ನೀನ ಇಟ್ಕೋ ಅಪ್ಪಾ. ಶನಿವಾರ ಪರೀಕ್ಷಾ ಬಾಗಿಲಾಗ ನಾ ಕೇಳೂದು ಮರೆಯಂಗಿಲ್ಲ. ನೀ ಕೊಡೂದು ಮರೀಬ್ಯಾಡ."