ಉರಿ ಹತ್ತದವಳು

"ಹೆಸರು ಕೊಡಬ್ಯಾಡ ಪ್ರಿಯಾಂಕಾ. ಬೇಕಾದ್ರ ಆರೋಗ್ಯ ಮಂತ್ರಿ ಆಗು, ಕ್ರೀಡಾ ಮಂತ್ರಿ ಆಗು. ಪ್ರಧಾನಿ ಮಾತ್ರ ಬ್ಯಾಡ."

ಜಾಹೀದಾ ಇದನ್ನು ಪಿಸುಮಾತಿನಲ್ಲಿ ಹೇಳಿದ್ದಳು. ಪ್ರಿಯಾಂಕಾ ಇಡೀ ತರಗತಿಗೆ ಕೇಳುವಂತೆ ನಕ್ಕಳು.

"ಯಾಕ? ದೆವ್ವ ಬಂದು ವೋಟು ಹಾಕತೈತೇನು?"

ಯಾರೂ ನಗಲಿಲ್ಲ. ಕಿಟಕಿಯಾಚೆ ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳು ಬಂದು ಬೀಳುತ್ತಿದ್ದವು. ಘಾಟು ಊರ ತುಂಬ ಹಬ್ಬಿ ಶಾಲೆಯ ಗೋಡೆಗಳಿಗೂ ಅಂಟಿಕೊಂಡಿತ್ತು. ಮೂಲೆಯಲ್ಲಿ ಯಾರೋ ಸೀನಿದರು. ಅಷ್ಟೇ ಸದ್ದು.

ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ, ಎರಡು ಸಾವಿರದ ನಾಲ್ಕರ ದೀಪಾವಳಿ ಮುಗಿಸಿಕೊಂಡು, ಪ್ರಿಯಾಂಕಾ ಹಾವೇರಿಯಿಂದ ಬಂದು ಈ ಹೆಣ್ಣುಮಕ್ಕಳ ಹೈಸ್ಕೂಲಿನ ಹತ್ತನೇ ತರಗತಿ ಸೇರಿದ್ದಳು. ಜೂನ್‌ನಲ್ಲೇ ಆಗಬೇಕಿದ್ದ ಶಾಲಾ ಸಂಸತ್ತಿನ ಚುನಾವಣೆ ಇನ್ನೂ ಆಗಿರಲಿಲ್ಲ. ಪ್ರಧಾನಿ ಹುದ್ದೆಗೆ ಒಬ್ಬ ಹುಡುಗಿಯೂ ನಿಂತಿರಲಿಲ್ಲ. ಹುಡುಗಿಯರ ಪಾಯಖಾನೆಗೆ ಬೀಗ ಬಿದ್ದು ಎಷ್ಟೋ ತಿಂಗಳಾಗಿತ್ತು. ಕೇಳುವವರೇ ಇಲ್ಲದೆ, ಹುಡುಗಿಯರು ಮನೆಗೆ ಹೋಗುವವರೆಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಇದು ಪ್ರಿಯಾಂಕಾಗೆ ನಾಚಿಕೆಗೇಡು ಅನಿಸಿತು.

ಜಾಹೀದಾ ಊಟದ ಬಿಡುವಿನಲ್ಲಿ ಅವಳನ್ನು ಪ್ರಾರ್ಥನೆ ಕಟ್ಟೆಯ ಬಳಿಗೆ ಕರೆದೊಯ್ದಳು. ಅಂಗಳದ ತುದಿಯಲ್ಲಿ ಕರಿ ಚಪ್ಪಡಿ ಹಾಸಿದ ಎತ್ತರದ ಕಟ್ಟೆ. ಎಂಟನೇ ತರಗತಿಯಲ್ಲಿದ್ದ ಅವಳ ತಂಗಿ ಸಲ್ಮಾ ಅಕ್ಕನ ಓಢಣಿಯ ತುದಿ ಹಿಡಿದು ಜತೆಗೆ ನಿಂತಳು.

"ನಾವು ಸಣ್ಣವರಿದ್ದಾಗ ನಡದದ್ದು" ಎಂದಳು ಜಾಹೀದಾ. "ಮೇಡ್ಲೇರಿ ಹುಡುಗಿ, ಕರಿಯವ್ವ ಅಂತ. ವೋಟಿನ್ಯಾಗ ಆಕೀನ ಗೆದ್ದಿದ್ಲು. ಖರೇ, ಎಲ್ಲಾರಿಗೂ ಗೊತ್ತಿತ್ತು. ಆದ್ರ ಸಾಲಿಯವರು ಪ್ರಮಾಣಕ್ಕ ಕಟ್ಟಿ ಮ್ಯಾಲ ಹತ್ತಿಸಿದ್ದು ವ್ಯಾಪಾರಸ್ಥರ ಮನಿ ಹುಡುಗೀನ್ನ. ವೋಟು ಹಾಕಿದ ಹುಡುಗ್ಯಾರೂ ಬಾಯಿ ತೆರೀಲಿಲ್ಲ. ಕರಿಯವ್ವ ಊರಿಗೆ ಹೋದಾಕಿ ಹೊಳಿಗೆ ಬಿದ್ದು ಸತ್ಲು. ಆಮ್ಯಾಲ ಆಕಿ ಅಜ್ಜಿ ಮುದುಕವ್ವ ಬಂದು ಈ ಕಟ್ಟಿ ಬುಡಕ್ಕ ಸೂಜಿ ಚುಚ್ಚಿದ ಲಿಂಬಿಹಣ್ಣು, ಸುಟ್ಟ ಮೆಣಸಿನಕಾಯಿ, ಮೊಮ್ಮಗಳ ಕೂದಲು ಹುಗದಳಂತ. 'ನನ್ನ ಕೂಸಿನ ಉರಿ ನಿಮಗ್ಯಾರಿಗೂ ಹತ್ತಲಿಲ್ಲ. ಇನ್ನ ಇಲ್ಲಿ ಆಳುವಾಕಿಗೆ ಯಾರ ಉರೀನೂ ಹತ್ತದಂಗಾಗಲಿ' ಅಂದಳಂತ."

"ಆಮ್ಯಾಲ?"

"ಆ ವ್ಯಾಪಾರಸ್ಥರ ಹುಡುಗಿ ಒಲಿ ಕೆಂಡ ಬರಿಗೈಲೆ ಹಿಡದು ಕುಂತಿದ್ಲಂತ. ಕೈ ಸುಟ್ಟು ವಾಸನಿ ಬಂದ ಮ್ಯಾಲ ಮನಿಯವರಿಗೆ ಗೊತ್ತಾತು. ಆಕಿಗೆ ಗೊತ್ತಾಗಲಿಲ್ಲ. ಅವತ್ತಿನಿಂದ ಪ್ರಧಾನಿ ಆಗಾಕ ಯಾರೂ ನಿಂತಿಲ್ಲ."

ಪ್ರಿಯಾಂಕಾ ಕಟ್ಟೆಯ ಚಪ್ಪಡಿಯನ್ನು ಚಪ್ಪಲಿಯಿಂದ ಒಮ್ಮೆ ಒದ್ದಳು. "ಹತ್ತದಿದ್ರ ಚಲೋನ ಆತಲ್ಲ. ಹೆದರಿಕಿನೂ ಹತ್ತೂದಿಲ್ಲ."

ಎದುರು ಯಾರೂ ನಿಲ್ಲದೆ ಅವಳು ಗೆದ್ದಳು.

ಪ್ರಮಾಣದ ದಿನ ಬರಿಗಾಲಲ್ಲಿ ಕಟ್ಟೆ ಹತ್ತಿ ಬಲಗೈ ಮುಂದೆ ಚಾಚಿದಳು. ಬಿಸಿಲು ಸುಡುತ್ತಿದ್ದರೂ ಚಪ್ಪಡಿ ತಣ್ಣಗಿತ್ತು. 'ನಿಷ್ಠೆಯಿಂದ' ಎಂಬ ಮಾತಿಗೆ ಬರುವಾಗ ಸುಟ್ಟ ಕೂದಲಿನ ಕಮರು ವಾಸನೆ ಮೂಗಿಗೆ ಬಡಿಯಿತು. ಆ ತಂಪು ಪಾದದಿಂದ ಮೇಲೇರಿತು. ಮಂಡಿ. ಸೊಂಟ. ಎದೆ. ಆಮೇಲೆ ವಾಸನೆ ಇಲ್ಲವಾಯಿತು. ಮೆಣಸಿನಕಾಯಿಯ ಘಾಟೂ ಇಲ್ಲವಾಯಿತು. ಕೆಳಗೆ ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದುದು ದೂರದ ಓಣಿಯಲ್ಲಿ ಯಾರೋ ಬಟ್ಟೆ ಒಗೆಯುವಂತೆ ಕೇಳಿಸಿತು.

ಮೊದಮೊದಲು ಒಳ್ಳೆಯದೇ ಆಯಿತು. ಮಾರನೆಯ ದಿನವೇ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ನುಗ್ಗಿ, ಬೀಗ ತೆಗೆಯುವವರೆಗೆ ಕದಲುವುದಿಲ್ಲ ಎಂದು ನಿಂತಳು. ಬೈದರು, ಅಪ್ಪನನ್ನು ಕರೆಸುತ್ತೇವೆ ಎಂದರು. ಅವಳ ದನಿ ನಡುಗಲಿಲ್ಲ. ಸಂಜೆಗೆ ಬೀಗ ತೆಗೆದರು. ಹುಡುಗಿಯರು ಅವಳನ್ನು ಸುತ್ತುವರಿದು ಕುಣಿದರು. ಸಲ್ಮಾ ಬಂದು ಅವಳ ಕೈಗೆ ಒಂದು ಪೇರಲಹಣ್ಣು ಇಟ್ಟು ಓಡಿಹೋದಳು. ಪ್ರಿಯಾಂಕಾ ಹಣ್ಣು ತಿಂದಳು. ಸಿಹಿಯೋ ಒಗರೋ ತಿಳಿಯಲಿಲ್ಲ.

ಒಂದು ಸಂಜೆ ಅವ್ವ ಕಿರುಚಿದಳು. ನೆಲದ ಮೇಲೆ ಬಾಗಿಲಿನಿಂದ ಅಡುಗೆಮನೆಯವರೆಗೆ ರಕ್ತದ ಹೆಜ್ಜೆಗಳು. ಪ್ರಿಯಾಂಕಾಳ ಎಡಗಾಲಿಗೆ ಮೊಳೆ ಹೊಕ್ಕು, ಅವಳು ಅದರ ಮೇಲೇ ಮನೆಯವರೆಗೆ ನಡೆದು ಬಂದಿದ್ದಳು. ಅವ್ವ ಮೊಳೆ ಕಿತ್ತು, ಅರಿಶಿನ ಒತ್ತಿ, ಕೈತುಂಬ ಮೆಣಸಿನಕಾಯಿ ಉಪ್ಪು ಹಿಡಿದು ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಚಟಪಟ ಸಿಡಿದವು. ಕರಿ ಹೊಗೆ ಎದ್ದು ಜಂತಿ ಮುಟ್ಟಿತು. ಯಾರಿಗೂ ಕೆಮ್ಮು ಬರಲಿಲ್ಲ. ಅವ್ವ ಹೊಗೆಯೊಳಗೆ ಮುಖ ಇಟ್ಟು ಮೂಸಿದಳು.

"ಘಾಟಿಲ್ಲ" ಎಂದಳು. "ಒಂಚೂರೂ ಘಾಟಿಲ್ಲ. ಏನು ತುಳದು ಬಂದೀ ಮಗಳ?"

ಪ್ರಿಯಾಂಕಾ ಪುಸ್ತಕ ತೆರೆದು ಓದಲು ಕುಳಿತಳು.

ಗಣರಾಜ್ಯೋತ್ಸವದ ಕವಾಯತು ಶುರುವಾಯಿತು. ಪ್ರಧಾನಿ ಇಷ್ಟು ಚೆನ್ನಾಗಿ ನೋಡಿಕೊಳ್ಳುವಾಗ ತಮಗೇನು ಕೆಲಸವೆಂದು ಟೀಚರುಗಳು ಅಂಗಳಕ್ಕೆ ಬರುವುದನ್ನೇ ಬಿಟ್ಟಿದ್ದರು. ಸಾಲು ತಪ್ಪಿದವಳನ್ನು ಪ್ರಿಯಾಂಕಾ ಬಿಸಿಲಲ್ಲಿ ನಿಲ್ಲಿಸುತ್ತಿದ್ದಳು. ಸಿಟ್ಟಿನಿಂದಲ್ಲ. ಸಾಲು ನೆಟ್ಟಗಿರಬೇಕು, ಅದಕ್ಕೆ. ಈಗ ಹುಡುಗಿಯರು ಅವಳ ಸುತ್ತ ಕುಣಿಯುತ್ತಿರಲಿಲ್ಲ.

ಆ ದಿನ ಸಲ್ಮಾ ಮುಂದಿನ ಸಾಲಿನಲ್ಲಿದ್ದಳು, ಕಟ್ಟೆಯ ಅಂಚಿಗೆ. ಕಣ್ಣು ಕೆಂಪಾಗಿದ್ದವು.

"ಅಕ್ಕಾ, ಜ್ವರ ಬಂದಾವು. ತಲಿ ತಿರಗಾಕತ್ತೈತಿ. ಕುಂದ್ರಲಿ?"

"ಎಲ್ಲಾರೂ ನಿಂತಾರ. ನಿಲ್ಲು."

"ಅಕ್ಕಾ..."

"ನಿಲ್ಲು."

ಸಲ್ಮಾ ನಿಂತಳು. ತೂಗಿದಳು. ಬಿದ್ದಳು. ಚಪ್ಪಡಿಯ ಮೂಲೆಗೆ ತಲೆ ಬಡಿಯಿತು. ತೆಂಗಿನಕಾಯಿ ಒಡೆದಂಥ ಸದ್ದು. ರಕ್ತ ಕರಿ ಕಲ್ಲಿನ ಮೇಲೆ ಹರಿಯಿತು. ಯಾರೂ ಸಾಲು ಬಿಡಲಿಲ್ಲ. ಬಿಟ್ಟರೆ ಶಿಕ್ಷೆ. ಕಟ್ಟೆಯ ಮೇಲಿಂದ ಪ್ರಿಯಾಂಕಾಳ ದನಿ ನಿಲ್ಲಲಿಲ್ಲ. "ಎಡ. ಬಲ. ಎಡ. ಬಲ." ಹೆಜ್ಜೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಒಬ್ಬ ಹುಡುಗಿ ಹೆಜ್ಜೆ ಹಾಕುತ್ತಲೇ ಅಳುತ್ತಿದ್ದಳು. ಪ್ರಿಯಾಂಕಾ ನೋಡುತ್ತಿದ್ದಳು. ಇದು ರಕ್ತ. ಇದು ಸಲ್ಮಾ. ನಾನು ಕೆಳಗಿಳಿಯಬೇಕು. ಎಲ್ಲವೂ ಗೊತ್ತಿತ್ತು. ಕಾಲು ಏಳಲಿಲ್ಲ. ಏಳಿಸುವಂಥದ್ದು ಒಳಗೆ ಏನೂ ಇರಲಿಲ್ಲ.

ಹಿಂದಿನ ಸಾಲಿನಿಂದ ಜಾಹೀದಾ ಚೀರುತ್ತ ಓಡಿಬಂದಳು.

ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಸಲ್ಮಾ ತೀರಿಕೊಂಡಳು.

ಅವರ ಮನೆಯಲ್ಲಿ ತಾಯಿ ಜೈತೂನಬಿ ಪ್ರಿಯಾಂಕಾಳ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡು ಅತ್ತರು. "ನಿನ್ನ ಹೆಸರು ಬಾಳ ಹೇಳತಿತ್ತವ್ವಾ ನನ್ನ ಕೂಸು" ಎಂದರು. ಪ್ರಿಯಾಂಕಾ ಅವರ ತಲೆಯ ಮೇಲಿಂದ ಗೋಡೆಯನ್ನು ನೋಡಿದಳು. ಸುಣ್ಣದ ಬಿರುಕಿನಲ್ಲಿ ಇರುವೆಗಳು ಹೋಗುತ್ತಿದ್ದವು.

ಹೊರಗೆ ಜಾಹೀದಾ ಅವಳ ರಟ್ಟೆ ಹಿಡಿದಳು.

"ಅಳವಲ್ಲಿ ನೀ."

"ಏನೂ ಅನಸವಲ್ದು ಜಾಹೀದಾ."

"ನಡಿ ಮೇಡ್ಲೇರಿಗೆ. ಈ ಮಾಟಾ ಆ ಮುದುಕವ್ವನ ಕಡೆ ಬಿಡಿಸೂಣು. ನನ್ನ ತಂಗಿ ಸಲುವಾಗಿ ನೀ ಅಳಬೇಕು. ಅದನ್ನ ನಾ ಕಣ್ಣಾರೆ ನೋಡಬೇಕು."

ರಾಣೇಬೆನ್ನೂರಿನಲ್ಲಿ ಬಸ್ಸು ಬದಲಿಸಿ ಹೋದರು. ದಾರಿಯುದ್ದಕ್ಕೂ ಜಾಹೀದಾ ಅತ್ತಳು. ಓಢಣಿಯ ತುದಿ ಕಚ್ಚಿಕೊಂಡು, ಸದ್ದಾಗದಂತೆ, ಉಸಿರು ಸಿಕ್ಕದಂತೆ ಅತ್ತಳು.

ಮುದುಕವ್ವ ಒಲೆಯ ಮುಂದೆ ಕುಳಿತಿದ್ದಳು. ಗುಡಿಸಲೊಳಗೆ ಹೊಳೆಯ ಕೆಸರಿನ ವಾಸನೆ. ಅವಳ ಒಂದು ಕೈ ಕಾದ ಹಂಚಿಗೆ ತಾಗಿಕೊಂಡೇ ಇತ್ತು. ಅಂಗೈ ಹಳೆಯ ತೊಗಟೆಯಂತೆ ಕಪ್ಪಾಗಿತ್ತು. ಅವಳಿಗೆ ಅದರ ಪರಿವೆಯಿರಲಿಲ್ಲ.

"ಯಮ್ಮಾ, ಕೈ ಸುಡಾಕತ್ತೈತಿ" ಎಂದಳು ಜಾಹೀದಾ.

"ಹೌದೇನವಾ?" ಮುದುಕಿ ಕೈ ತೆಗೆದಳು. ಎಲ್ಲ ಕೇಳಿಸಿಕೊಂಡು ಒಲೆಗೆ ಒಂದು ಕಟ್ಟಿಗೆ ತುರುಕಿದಳು. "ಮಾಟ ಮಾಡಿದಾಕಿಗೇ ಮೊದಲ ಹತ್ತಿತು. ಕರಿಯವ್ವನ ಮಾರಿ ನೆನಪೈತಿ. ಆಕಿ ಸತ್ತದ್ದು ನೆನಪೈತಿ. ಅತ್ತದ್ದು ನೆನಪಿಲ್ಲ."

"ಬಿಡಸ್ರಿ ಇದನ್ನ."

"ಬಿಡಸಾಕ ಬರೂದಿಲ್ಲ ಮಗಳ. ದಾಟಸಾಕ ಬರತೈತಿ. ಮತ್ತೊಬ್ಬಾಕಿ ತಾನಾಗೇ ಬಂದು ಆ ಕಟ್ಟಿ ಮ್ಯಾಲ ಪ್ರಮಾಣ ಮಾಡಬೇಕು. ಗೊತ್ತಿದ್ದು ಮಾಡಬೇಕು. ಯಾರು ಮಾಡತಾರ?"

ಮರಳಿ ಬರುವಾಗ ಜಾಹೀದಾ ಅಳಲಿಲ್ಲ. ಏನನ್ನೋ ಯೋಚಿಸುತ್ತಿದ್ದಳು. ಬ್ಯಾಡಗಿಯಲ್ಲಿ ಇಳಿದವಳು ಮನೆಯ ದಾರಿ ಹಿಡಿಯದೆ ಶಾಲೆಯ ಕಡೆ ತಿರುಗಿದಳು. ಭಾನುವಾರದ ಮಧ್ಯಾಹ್ನ. ಅಂಗಳ ಖಾಲಿ. ಚಪ್ಪಡಿಯ ಮೂಲೆಯನ್ನು ಯಾರೋ ತಿಕ್ಕಿ ತೊಳೆದಿದ್ದರು. ತೊಳೆದಷ್ಟೂ ಕಪ್ಪಾಗಿತ್ತು.

ಜಾಹೀದಾ ಚಪ್ಪಲಿ ಬಿಟ್ಟಳು.

"ನೀ ಏನ್ ಮಾಡಾಕತ್ತೀ?" ಎಂದಳು ಪ್ರಿಯಾಂಕಾ.

"ರಾತ್ರಿಯೆಲ್ಲಾ ತಂಗಿ ಹಾಸಿಗಿ ಮಗ್ಗಲದಾಗ ಖಾಲಿ ಬಿದ್ದಿರತೈತಿ. ಅಮ್ಮಿ ಮಾರಿ ನೋಡಾಕ ಆಗವಲ್ದು. ಎದಿಯಾಗ ಕೆಂಡ ಇಟ್ಟಂಗ ಆಗೇತಿ. ಈ ಉರಿ ನನಗ ಸಾಕಾಗೇತಿ. ಕೊಡು ಇತ್ತ."

ತಡೆಯಬೇಕೆಂದು ಪ್ರಿಯಾಂಕಾಗೆ ಗೊತ್ತಿತ್ತು. ಅವಳು ತಡೆಯಲಿಲ್ಲ. ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಜಾಹೀದಾ ಕೈ ಚಾಚಿದಳು. ಪ್ರಮಾಣದ ಮಾತುಗಳನ್ನು ಒಂದೊಂದಾಗಿ ಹೇಳಿದಳು.

ಮೊದಲು ಘಾಟು ಬಂತು. ಗಂಟಲು ಹರಿಯುವಷ್ಟು. ಆಮೇಲೆ ಕಾಲು. ಮೊಳೆ ಹೊಕ್ಕ ಗಾಯ ಕೀವಾಗಿತ್ತು, ಸಿಡಿಯುತ್ತಿತ್ತು. ಪ್ರಿಯಾಂಕಾ ನೆಲಕ್ಕೆ ಕುಸಿದಳು. ಆಮೇಲೆ ಆ ಸದ್ದು. ಕಲ್ಲಿಗೆ ತಲೆ ಬಡಿದ ಸದ್ದು. ಈಗ ಕೇಳಿಸಿತು. ಈಗಷ್ಟೇ. ಜ್ವರದ ಆ ಕಣ್ಣುಗಳು. ಆ 'ಅಕ್ಕಾ'. ಅವಳು ಕೂಗಿದಳು. ಚಪ್ಪಡಿಗೆ ಹಣೆ ಚಚ್ಚಿಕೊಂಡಳು. ಸಲ್ಮಾ, ಸಲ್ಮಾ ಎಂದು ಉಸಿರು ಕಟ್ಟುವಂತೆ ಅತ್ತಳು. ಜಾಹೀದಾಳ ಕಾಲು ತಬ್ಬಿಕೊಂಡಳು. ಆ ಕಾಲು ಬಾವಿಕಲ್ಲಿನಂತೆ ತಣ್ಣಗಿತ್ತು.

ಜಾಹೀದಾ ಬಗ್ಗಿ ಅವಳ ಮುಖ ನೋಡಿದಳು. ಅವಳ ಕೆನ್ನೆಯ ಮೇಲೆ ಬಸ್ಸಿನಲ್ಲಿ ಅತ್ತ ಕಣ್ಣೀರಿನ ಗೆರೆ ಇನ್ನೂ ಒಣಗಿ ನಿಂತಿತ್ತು.

"ಯಾಕ ಅಳಾಕತ್ತೀ?" ಎಂದು ಕೇಳಿದಳು.